ಕೊಟ್ಟಿಗೆಯ ಬಿರುಕು ಬೆರಳಗಲ ಇರುವಾಗಲೇ



ಈ ಸಲ ನಾನು ಲಸಿಕೆ, ಖನಿಜ ಮಿಶ್ರಣ, ಕರು ಸಾಕಣೆ ಯಾವುದರ ಬಗ್ಗೆಯೂ ಬರೆಯುತ್ತಿಲ್ಲ. ನಿಮ್ಮ ಕೊಟ್ಟಿಗೆಯ ಗೋಡೆ, ಸೂರು, ನೆಲ, ಮೋರಿ ಇವುಗಳ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯೆಗೆ ಗಾರೆ ಕೆಲಸದ ಮಾತು ಯಾಕೆ ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು.

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಐದೂವರೆಗೆ ಫೋನ್ ಬಂತು. "ಡಾಕ್ಟ್ರಮ್ಮ, ಗೋಡೆ ಬಿದ್ದೋಗಿದೆ, ಹಸ ಕೆಳಗೈತೆ" ಎಂದಷ್ಟೇ ಹೇಳಿ ಆ ಹೆಣ್ಣುಮಗಳು ಅಳತೊಡಗಿದರು. ನಾನು ಹೋಗುವ ಹೊತ್ತಿಗೆ ಊರಿನವರು ಮಣ್ಣು, ಕಲ್ಲು ಎತ್ತಿ ಹಸುವನ್ನು ಹೊರಗೆಳೆದಿದ್ದರು. ಎರಡು ಕರು ಹಾಕಿದ್ದ ಎಚ್‌ಎಫ್ ಮಿಶ್ರತಳಿ ಹಸು, ಈಗ ಏಳು ತಿಂಗಳ ಗಬ್ಬ. ಸೊಂಟದ ಮೂಳೆ ಮುರಿದಿತ್ತು. ಮಧ್ಯಾಹ್ನದೊಳಗೆ ಹಸು ಸತ್ತಿತು, ಹೊಟ್ಟೆಯಲ್ಲಿದ್ದ ಕರುವೂ ಹೋಯಿತು.

ಆ ತಾಯಿ ನನಗೆ ಹೇಳಿದ ಮಾತು ಇಷ್ಟು: "ಯುಗಾದಿ ಹೊತ್ತಿಗೇ ಗೋಡೆ ಹೊಟ್ಟೆ ಬಿಟ್ಟಿತ್ತು. ದಿನಾ ನೋಡ್ತಿದ್ದೆ. ಮನೇಲಿ ಹೇಳ್ದೆ. ಹೆಂಗಿದ್ರೂ ಹೊಸ ಕೊಟ್ಟಿಗೆ ಕಟ್ಟೋದು, ಇದಕ್ಕೆ ಯಾಕೆ ದುಡ್ಡು ಸುರೀಬೇಕು ಅಂದ್ರು."

ಆ ಮಾತು ನನ್ನನ್ನೂ ಚುಚ್ಚಿತು. ಯಾಕೆಂದರೆ ಅದೇ ಬೇಸಿಗೆಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ನಾನೂ ಆ ಕೊಟ್ಟಿಗೆಯಲ್ಲಿ ನಿಂತಿದ್ದೆ. ಗೋಡೆಯ ಉಬ್ಬು ನನ್ನ ಕಣ್ಣಿಗೂ ಬಿದ್ದಿತ್ತು. ಅದು ನನ್ನ ಕೆಲಸವಲ್ಲ ಎಂದುಕೊಂಡು ಪುಸ್ತಕದಲ್ಲಿ ಕಿವಿಯೋಲೆ ನಂಬರು ಬರೆದುಕೊಂಡು ಬಂದುಬಿಟ್ಟಿದ್ದೆ. ಹಾಗಾಗಿ ಈ ಲೇಖನವನ್ನು ಉಪದೇಶ ಎಂದು ಓದಬೇಡಿ. ತಪ್ಪು ಮಾಡಿದವಳೊಬ್ಬಳು ಹೇಳುತ್ತಿದ್ದಾಳೆ ಎಂದು ಓದಿ.

ನನ್ನ ಅಭಿಪ್ರಾಯ ಎರಡೇ ಮಾತಿನದು. ಒಂದು, ಕೊಟ್ಟಿಗೆಯ ಸಣ್ಣ ರಿಪೇರಿಯನ್ನು ಹಸುವಿನ ಔಷಧದ ಖರ್ಚಿನ ಜೊತೆ ಸೇರಿಸಿ ಲೆಕ್ಕ ಹಾಕಬೇಕು. ಎರಡು, ಆ ರಿಪೇರಿ ಯಾವಾಗ ಆಗಬೇಕು ಎಂದು ತೀರ್ಮಾನಿಸುವ ಅಧಿಕಾರ ದಿನಕ್ಕೆರಡು ಸಲ ಆ ಕೊಟ್ಟಿಗೆ ಗುಡಿಸುವವರ ಕೈಯಲ್ಲಿರಬೇಕು. ಅಂದರೆ ನಿಮ್ಮ ಕೈಯಲ್ಲಿ.

ಕೊಟ್ಟಿಗೆಯಿಂದ ಬರುವ ಕಾಯಿಲೆಗಳು

ಗೋಡೆ ಬೀಳುವುದು ಅಪರೂಪ. ಆದರೆ ಗೋಡೆ ಬೀಳುವ ಮೊದಲೇ ಹಾಳಾದ ಕೊಟ್ಟಿಗೆ ಪ್ರತಿ ತಿಂಗಳು ನಿಮ್ಮ ಬಟವಾಡೆಯಿಂದ ಹಣ ಕಿತ್ತುಕೊಳ್ಳುತ್ತಿರುತ್ತದೆ. ಹೇಗೆ ಎಂದು ಹೇಳುತ್ತೇನೆ.

ನೆಲದಿಂದ ಶುರು ಮಾಡೋಣ. ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಹಸು ಗಂಜಳ ನಿಂತ ಗುಂಡಿಯಲ್ಲಿ ಮಲಗಿದರೆ ಸಗಣಿಯಲ್ಲಿರುವ ರೋಗಾಣು ನೇರವಾಗಿ ಕೆಚ್ಚಲೊಳಗೆ ಹೋಗುತ್ತದೆ. ಕೆಚ್ಚಲು ಬಾವು ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಒಂದೇ ಹಸುವಿಗೆ ಮೂರು ಸಲ ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಮೇಲೆ ನಾನು ಅದರ ಹಿಂಗಾಲ ಕೆಳಗೆ ನೋಡಿದ್ದುಂಟು. ಅಲ್ಲಿ ಕಾಂಕ್ರೀಟ್ ಕಿತ್ತು ಊಟದ ತಟ್ಟೆಯಷ್ಟು ಅಗಲದ ಗುಂಡಿ ಆಗಿತ್ತು. ಪ್ರತಿ ಸಲವೂ ಆ ಮನೆಯವರು ಆ್ಯಂಟಿಬಯಾಟಿಕ್ ಖರ್ಚು ಹೊತ್ತರು, ಔಷಧಿಯ ಅವಧಿ ಮುಗಿಯುವ ತನಕ ಡೇರಿಗೆ ಹಾಲು ಹಾಕುವಂತಿರಲಿಲ್ಲ, ಕೊನೆಗೆ ಒಂದು ತೊಟ್ಟು ಒಣಗಿಯೇ ಹೋಯಿತು. ಆ ಗುಂಡಿ ಮುಚ್ಚಲು ಬೇಕಾಗಿದ್ದು ಅರ್ಧ ದಿನದ ಕೆಲಸ.

ಅದೇ ಗುಂಡಿ ಗೊರಸನ್ನೂ ಕೊಳೆಸುತ್ತದೆ. ಸದಾ ನೆನೆದ ಗೊರಸು ಮೆತ್ತಗಾಗುತ್ತದೆ, ಕಿತ್ತ ಕಾಂಕ್ರೀಟಿನ ಜಲ್ಲಿ ಅದನ್ನು ಕೊರೆಯುತ್ತದೆ, ಹಸು ಕುಂಟುತ್ತದೆ. ಕುಂಟುವ ಹಸು ಕಡಿಮೆ ತಿನ್ನುತ್ತದೆ, ಕಡಿಮೆ ಹಾಲು ಕೊಡುತ್ತದೆ, ಬೆದೆಗೆ ಬಂದರೂ ಸರಿಯಾಗಿ ತೋರಿಸುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ನೆಲ ಉಜ್ಜಿ ಉಜ್ಜಿ ನುಣ್ಣಗಾಗಿ ಕನ್ನಡಿಯಂತೆ ಜಾರುತ್ತದೆ. ತುಂಬು ಗಬ್ಬದ ಹಸು ಜಾರಿ ಹಿಂಗಾಲು ಅಗಲಿಸಿ ಬಿದ್ದರೆ ಎಷ್ಟೋ ಸಲ ಮತ್ತೆ ಏಳುವುದೇ ಇಲ್ಲ.

ಗೋಡೆಯ ಬಿರುಕಿಗೆ ಬನ್ನಿ. ಉಣ್ಣೆಗೆ ಔಷಧಿ ಹೊಡೆದರೂ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ ಎಂದು ನೀವು ಹೇಳುತ್ತಲೇ ಇರುತ್ತೀರಿ. ರಕ್ತ ಕುಡಿದು ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಹಸುವಿನ ಮೈಯಿಂದ ಕೆಳಗೆ ಉದುರಿ ಗೋಡೆಯ ಸಂದು, ಗೋದಲಿಯ ಬಿರುಕು, ಕಲ್ಲುಗಳ ನಡುವಿನ ಸೀಳು ಹುಡುಕಿಕೊಂಡು ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ನೀವು ಔಷಧಿ ಹೊಡೆಯುವುದು ಹಸುವಿಗೆ, ಮರಿ ಉಣ್ಣೆ ಕಾಯುತ್ತಿರುವುದು ಗೋಡೆಯಲ್ಲಿ. ಮಿಶ್ರತಳಿ ಹಸುಗಳನ್ನು ಕೊಲ್ಲುವ ಥೈಲೇರಿಯಾ ರೋಗವನ್ನು ಹರಡುವ ಹೈಯಲೋಮಾ ಜಾತಿಯ ಉಣ್ಣೆ ಹೀಗೆ ಬಿರುಕಿನಲ್ಲಿ ಅಡಗುವುದರಲ್ಲಿ ಹೆಸರುವಾಸಿ. ವಿಪರೀತ ಜ್ವರ, ಕತ್ತಿನ ಹತ್ತಿರದ ಗಂಟು ಊತ, ಕಣ್ಣಿನ ಒಳಪದರ ಬಿಳಿಚಿಕೊಳ್ಳುವುದು ಇದರ ಲಕ್ಷಣ. ಇದರ ಇಂಜೆಕ್ಷನ್ನಿನ ಬೆಲೆ ಎಷ್ಟೆಂದು ಕೊಂಡವರಿಗೆ ಗೊತ್ತು. ಬಿರುಕು ಮುಚ್ಚಿ ಸುಣ್ಣ ಹೊಡೆದ ಗೋಡೆಯಲ್ಲಿ ಉಣ್ಣೆಗೆ ಅಡಗಲು ಜಾಗ ಸಿಗುವುದಿಲ್ಲ.

ಸೂರು ಸೋರಿದರೆ ಮೊದಲು ನೆನೆಯುವುದು ಮೂಲೆಯಲ್ಲಿಟ್ಟ ಪಶು ಆಹಾರದ ಚೀಲ ಮತ್ತು ಒಣಹುಲ್ಲು. ನೆನೆದ ಮೇವಿಗೆ ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಹಸುವಿನ ಯಕೃತ್ತನ್ನು ಹಾಳು ಮಾಡುವುದಲ್ಲದೆ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಒಂದು ಒಡೆದ ಹೆಂಚು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಆ ಹಾಲನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ.

ಆ ಗೋಡೆ ಯಾಕೆ ಬಿತ್ತು

ಬಿದ್ದ ಗೋಡೆಯನ್ನು ಆಮೇಲೆ ಊರಿನ ಹಳೆಯ ಗಾರೆಯವರೊಬ್ಬರ ಜೊತೆ ನಿಂತು ನೋಡಿದೆ. ಅವರು ತೋರಿಸಿದ ಮೂರು ಕಾರಣಗಳು ನಿಮ್ಮಲ್ಲಿ ಅನೇಕರ ಕೊಟ್ಟಿಗೆಯಲ್ಲೂ ಇವೆ.

ಮೊದಲನೆಯದು, ಅದು ಹಳೆಯ ಮಣ್ಣಿನ ಗೋಡೆ. ಕೆಲವು ವರ್ಷದ ಹಿಂದೆ ಅದರ ಮೇಲೆ ಸಿಮೆಂಟು ಬಳಿಸಿದ್ದರು. ಗಟ್ಟಿಯಾಗುತ್ತದೆ ಎಂದು ಎಲ್ಲರೂ ಮಾಡುವುದು ಅದನ್ನೇ. ಆದರೆ ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಅದನ್ನು ಬಿಡಲು ಕೊಡುವುದಿಲ್ಲ. ಸಿಮೆಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಹೊರಗಿನಿಂದ ಗೋಡೆ ಚೆನ್ನಾಗಿ ಕಾಣುತ್ತಿರುತ್ತದೆ, ಒಳಗೆ ಮಣ್ಣು ಕೆಸರಾಗಿರುತ್ತದೆ.

ಎರಡನೆಯದು, ಹೆಂಚಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಸೂರಂಚು ಮುರಿದು ಗಿಡ್ಡವಾಗಿತ್ತು. ವರ್ಷ ವರ್ಷ ನೀರು ಬಿದ್ದು ಬುಡದ ಮಣ್ಣು ಕೊರೆದುಹೋಗಿತ್ತು.

ಮೂರನೆಯದು, ಗೋಡೆಯ ಹಿಂಬದಿಗೆ ಒತ್ತಿ ತಿಪ್ಪೆ ಹಾಕಿದ್ದರು. ತಿಪ್ಪೆಯ ತೇವ ಮಳೆಗಾಲ, ಬೇಸಿಗೆ ಎನ್ನದೆ ಗೋಡೆಯನ್ನು ನೆನೆಸುತ್ತಿತ್ತು.

ಈ ಮೂರರಲ್ಲಿ ಒಂದಕ್ಕೂ ಲಕ್ಷಗಟ್ಟಲೆ ಹಣ ಬೇಕಿರಲಿಲ್ಲ. ತಿಪ್ಪೆಯನ್ನು ನಾಲ್ಕು ಮಾರು ಆಚೆ ಹಾಕಬೇಕಿತ್ತು. ಸೂರಂಚಿಗೆ ಒಂದು ಸಾಲು ಹೆಂಚೋ ಶೀಟೋ ಸೇರಿಸಬೇಕಿತ್ತು. ಬುಡಕ್ಕೆ ಹೊರಗಡೆ ಓಟ ಇರುವ ಹಾಗೆ ಮಣ್ಣು ಏರಿಸಿ ಕಲ್ಲು ಹಾಸಬೇಕಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥದ್ದಕ್ಕೇ.

ವರ್ಷಕ್ಕೆ ಎರಡು ಸುತ್ತು

ಯುಗಾದಿ ಕಳೆದ ಮೇಲೆ ಒಂದು ಸಲ, ದೀಪಾವಳಿ ಕಳೆದ ಮೇಲೆ ಒಂದು ಸಲ ಕೊಟ್ಟಿಗೆಯನ್ನು ಒಳಗೂ ಹೊರಗೂ ಪೂರ್ತಿ ಒಂದು ಸುತ್ತು ಹಾಕಿ. ಮೊದಲನೆಯದು ಮುಂಗಾರಿಗೆ ತಯಾರಿ, ಎರಡನೆಯದು ಮಳೆ ಏನು ಹಾಳು ಮಾಡಿತು ಎಂಬ ಲೆಕ್ಕ. ಅರ್ಧ ಗಂಟೆ ಸಾಕು. ಹೀಗೆ ನೋಡಿ.

ಹಗಲು ಹೊತ್ತು ಒಳಗೆ ನಿಂತು ಮೇಲೆ ನೋಡಿ. ಬೆಳಕಿನ ಚುಕ್ಕಿ ಎಲ್ಲಿ ಕಾಣುತ್ತದೋ ಅಲ್ಲಿ ನೀರು ಬರುತ್ತದೆ. ಶೀಟಿನ ಮೊಳೆ ಸಡಿಲವಾಗಿದ್ದರೆ ಮೊದಲ ಗಾಳಿಗೇ ಶೀಟು ಹಾರುತ್ತದೆ.

ಗೋಡೆಯ ಬಿರುಕಿನ ಎರಡೂ ತುದಿಗೆ ಇದ್ದಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ತಿಂಗಳ ಮೇಲೆ ಬಿರುಕು ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ ಎಂದು ಅರ್ಥ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಕಾಯಬೇಡಿ. ಅಂದೇ ಹಸುವನ್ನು ಆ ಕಡೆಯಿಂದ ಬಿಚ್ಚಿ ಬೇರೆ ಕಡೆ ಕಟ್ಟಿ. ಗೋಡೆಯ ಸಂದಿನಲ್ಲಿ ಅರಳಿ, ಆಲದ ಸಸಿ ಎರಡೆಲೆ ಇರುವಾಗಲೇ ಬೇರು ಸಮೇತ ಕಿತ್ತುಬಿಡಿ.

ನೆಲಕ್ಕೆ ಒಂದು ಬಕೆಟ್ ನೀರು ಸುರಿಯಿರಿ. ಹಸು ನಿಲ್ಲುವ ಆರು ಅಡಿ ಜಾಗದಲ್ಲಿ ಮೋರಿಯ ಕಡೆಗೆ ಒಂದೂವರೆ ಇಂಚಿನಷ್ಟು ಇಳಿಜಾರು ಇರಬೇಕು. ನೀರು ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಮ್ಮ ಮುಂದಿನ ಕೆಚ್ಚಲು ಬಾವು ಇದೆ ಎಂದುಕೊಳ್ಳಿ. ಮೋರಿ ಕಟ್ಟಿಕೊಂಡಿದೆಯೇ ನೋಡಿ. ಒಳಗೆ ಹೋದಾಗ ಕಣ್ಣು ಉರಿಯುವಷ್ಟು ಗಂಜಳದ ಘಾಟು ಇದ್ದರೆ ನೆಲದ ಹತ್ತಿರ ಮಲಗುವ ಕರುವಿನ ಶ್ವಾಸಕೋಶಕ್ಕೆ ಅದು ಇನ್ನೂ ಹೆಚ್ಚು.

ಮರದ ಕಂಬವನ್ನು ಬುಡದಲ್ಲಿ ಕುಡುಗೋಲಿನ ಹಿಡಿಯಿಂದ ತಟ್ಟಿ. ಟೊಳ್ಳು ಶಬ್ದ ಬಂದರೆ ಗೆದ್ದಲು ಒಳಗೆ ತಿಂದಿದೆ. ಕಬ್ಬಿಣದ ಪೈಪಾದರೆ ಗಂಜಳ ತಾಗುವ ಬುಡದಲ್ಲೇ ತುಕ್ಕು ಹಿಡಿಯುತ್ತದೆ.

ಕೊನೆಯದಾಗಿ ಕರೆಂಟು. ನೆಂದ ಗೋಡೆಯ ಮೇಲೆ ಹಳೆಯ ವೈರು ಓಡಿದ್ದರೆ ಅದು ದೊಡ್ಡ ಅಪಾಯ. ಮನುಷ್ಯರಿಗೆ ಜುಮ್ಮೆನ್ನುವಷ್ಟು ಕರೆಂಟು ಹಸುವನ್ನು ಕೊಲ್ಲಬಹುದು. ನಾಲ್ಕು ಕಾಲೂ ಒದ್ದೆ ನೆಲದ ಮೇಲಿರುತ್ತದೆ, ಕತ್ತಿನಲ್ಲಿ ಕಬ್ಬಿಣದ ಸರಪಳಿ ಬೇರೆ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಇದ್ದವರು ಅರ್ಥಿಂಗ್ ಮಾಡಿಸಿ, ಕರೆಂಟು ಸೋರಿದ ತಕ್ಷಣ ತಾನೇ ಕಡಿದುಕೊಳ್ಳುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. 30 ಮಿಲಿ ಆಂಪಿಯರಿನದು ಎಂದು ಕೇಳಿ ತನ್ನಿ. ಈ ಕೆಲಸ ಮಾತ್ರ ತಿಳಿದ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಬೇಕು.

ರಿಪೇರಿ ಮಾಡುವಾಗ

ಮಣ್ಣಿನ ಗೋಡೆಗೆ ಮಣ್ಣೇ ಮದ್ದು. ಬಿರುಕನ್ನು ಸ್ವಲ್ಪ ಅಗಲ ಮಾಡಿ, ಸಡಿಲ ಮಣ್ಣು ತೆಗೆದು, ನೀರು ಚಿಮುಕಿಸಿ, ಕತ್ತರಿಸಿದ ಹುಲ್ಲು ಸೇರಿಸಿ ಕೊಳೆಸಿದ ಮಣ್ಣನ್ನು ಒತ್ತಿ ತುಂಬಿ. ಒಣಗಿದ ಮೇಲೆ ಸುಣ್ಣ ಹೊಡೆಯಿರಿ. ಕಲ್ಲು, ಇಟ್ಟಿಗೆ ಗೋಡೆಗೆ ಗಾರೆ ಸರಿ. ಹೊಟ್ಟೆ ಬಿಟ್ಟ ಗೋಡೆಗೆ ಮಾತ್ರ ಮೇಲೆ ಬಳಿಯುವುದರಿಂದ ಏನೂ ಆಗುವುದಿಲ್ಲ, ಆ ಭಾಗ ಇಳಿಸಿ ಕಟ್ಟಬೇಕು.

ನೆಲದ ಗುಂಡಿಗೆ ತೆಳ್ಳಗೆ ಸಿಮೆಂಟು ಹಚ್ಚಿದರೆ ತಿಂಗಳಲ್ಲಿ ಕಿತ್ತು ಬರುತ್ತದೆ. ಅಂಚನ್ನು ನೇರವಾಗಿ ಕಡಿದು, ಸಗಣಿಯೆಲ್ಲ ತೊಳೆದು, ಜಲ್ಲಿ ಹಾಕಿ ಕಾಂಕ್ರೀಟ್ ತುಂಬಿಸಿ. ಹಸಿ ಇರುವಾಗಲೇ ಮೇಲೆ ಗೀರು ಹಾಕಿಸಿ, ಜಾರುವುದಿಲ್ಲ. ಏಳು ದಿನ ನೀರು ಕಟ್ಟಬೇಕು. ಅಷ್ಟು ದಿನ ಹಸು ಎಲ್ಲಿ ಕಟ್ಟೋದು ಎಂದು ಕೇಳುತ್ತೀರಿ. ಅರ್ಧ ಭಾಗ ಈಗ, ಇನ್ನರ್ಧ ಆಮೇಲೆ ಮಾಡಿಸಿ. ಬೇಸಿಗೆಯಾದರೆ ಮರದ ನೆರಳಿದೆ. ಮಳೆಗಾಲದಲ್ಲಿ ಈ ಅನುಕೂಲ ಇರುವುದಿಲ್ಲ, ಅದಕ್ಕೇ ಯುಗಾದಿ ಸುತ್ತು ಮುಖ್ಯ.

ಮೂರು ಎಚ್ಚರಿಕೆ ಪಶುವೈದ್ಯೆಯಾಗಿ ಹೇಳಲೇಬೇಕು. ಕೆಲಸ ಮುಗಿದ ಮೇಲೆ ಬಿದ್ದ ಮೊಳೆ, ಕಟ್ಟುವ ತಂತಿಯ ಚೂರು ಒಂದನ್ನೂ ಬಿಡದೆ ಆರಿಸಿ. ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಎಳೆದರೆ ಸುಲಭ. ಹಸು ಮೇವಿನ ಜೊತೆ ತಂತಿ ನುಂಗಿದರೆ ಅದು ಹೊಟ್ಟೆಯಿಂದ ಹೃದಯಕ್ಕೆ ಚುಚ್ಚುತ್ತದೆ. ಎರಡನೆಯದು, ಗೋದಲಿಗೆ, ಕಂಬಕ್ಕೆ ಹಳೆಯ ಬಣ್ಣ ಕೆರೆದ ಪುಡಿ ಹಾಗೂ ಗ್ಯಾರೇಜಿನ ಕಪ್ಪು ಆಯಿಲ್ ಹಸುವಿನ ನಾಲಿಗೆಗೆ ಸಿಗಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಸುವಿಗೆ ಅದು ವಿಷ. ಮೂರನೆಯದು, ಸುಣ್ಣ ನೆನೆಸುವಾಗ ಕುದಿಯುತ್ತದೆ. ಮಕ್ಕಳನ್ನು ದೂರ ಇಡಿ, ಕಣ್ಣು ಜೋಪಾನ, ಗೋಡೆ ಒಣಗಿದ ಮೇಲೆ ಹಸು ಕಟ್ಟಿ.

ದುಡ್ಡು ಎಲ್ಲಿಂದ, ಮಾತು ಯಾರದು

ಈಗ ಕಷ್ಟದ ಭಾಗ. ನಮ್ಮಲ್ಲಿ ಹೊಸದು ಕಟ್ಟಲು ಉತ್ಸಾಹ ಇದೆ, ಇರುವುದನ್ನು ಕಾಪಾಡಲು ಇಲ್ಲ. ಉದ್ಯೋಗ ಖಾತರಿಯಲ್ಲಿ ಎಷ್ಟೋ ಜನ ಕೊಟ್ಟಿಗೆ ಕಟ್ಟಿಸಿಕೊಂಡರು, ಒಳ್ಳೆಯದೇ ಆಯಿತು. ಆದರೆ ಕಟ್ಟಿದ ದಿನದಿಂದ ಒಂದು ಚಮಚ ಸಿಮೆಂಟು ಕಾಣದ ಕೊಟ್ಟಿಗೆಗಳೂ ಅವೇ. ಹೊಸ ಕೊಟ್ಟಿಗೆ ಊರಿಗೆ ಕಾಣುತ್ತದೆ, ಮುಚ್ಚಿದ ಬಿರುಕು ಯಾರಿಗೂ ಕಾಣುವುದಿಲ್ಲ.

ನನ್ನ ಸಲಹೆ ಇದು. ಲೀಟರಿಗೆ ಒಂದು ರೂಪಾಯಿ ಕೊಟ್ಟಿಗೆಗೆ ಎಂದು ಎತ್ತಿಡಿ. ದಿನಕ್ಕೆ 10 ಲೀಟರ್ ಕೊಡುವ ಹಸು 300 ದಿನ ಕರೆದರೆ 3,000 ರೂಪಾಯಿ. ಎರಡು ಹಸುವಾದರೆ 6,000. ಇದರಲ್ಲಿ ಹೊಸ ಕೊಟ್ಟಿಗೆ ಆಗುವುದಿಲ್ಲ, ಆದರೆ ಪ್ರತಿ ವರ್ಷದ ಸುಣ್ಣ, ಒಂದೆರಡು ಚೀಲ ಸಿಮೆಂಟು, ಗಾರೆಯವರ ಒಂದೆರಡು ದಿನದ ಕೂಲಿ ಆಗುತ್ತದೆ. ಇದನ್ನು ಬೇರೆ ಡಬ್ಬಿಯಲ್ಲೋ ಸ್ವಸಹಾಯ ಸಂಘದ ಉಳಿತಾಯದಲ್ಲೋ ಇಡಿ. ಮನೆ ಖರ್ಚಿನಲ್ಲಿ ಸೇರಿದರೆ ಕರಗಿಹೋಗುತ್ತದೆ.

ಕೈ ತುಂಬಾ ಬಿಗಿ ಇರುವವರಿಗೆ ಒಂದು ರೂಪಾಯಿಯೂ ದೊಡ್ಡದು ಎಂದು ನನಗೆ ಗೊತ್ತು. ಹಿಂಡಿ ಬೆಲೆ ನಿಮ್ಮಷ್ಟೇ ನಾನೂ ಕೇಳುತ್ತಿದ್ದೇನೆ. ಅಂಥವರು ದುಡ್ಡಿಲ್ಲದ ಕೆಲಸದಿಂದ ಶುರು ಮಾಡಿ. ತಿಪ್ಪೆ ದೂರ ಹಾಕುವುದು, ಮೋರಿ ಬಿಡಿಸುವುದು, ಸಸಿ ಕೀಳುವುದು, ಮಣ್ಣು ಒತ್ತುವುದು. ಅರ್ಧ ಅಪಾಯ ಇಷ್ಟರಲ್ಲೇ ಕಡಿಮೆಯಾಗುತ್ತದೆ.

ಸಣ್ಣ ಕೆಲಸಕ್ಕೆ ಗಾರೆಯವರು ಬರುವುದಿಲ್ಲ ಎಂಬುದೂ ನಿಜ. ಅದಕ್ಕೆ ಒಂದೇ ಬೀದಿಯ ಐದಾರು ಮನೆಯವರು ಸೇರಿ ಕೆಲಸ ಒಟ್ಟು ಮಾಡಿ ಎರಡು ದಿನಕ್ಕೆ ಒಬ್ಬರನ್ನು ಕರೆಸಿ. ಹಾಲಿನ ಸಂಘ ಕಟ್ಟಿದ್ದೂ ಹೀಗೇ ಅಲ್ಲವೇ? ಒಬ್ಬರ ಎರಡು ಲೀಟರ್ ಹಾಲಿಗೆ ಲಾರಿ ಬರುವುದಿಲ್ಲ, ಊರಿನ ಹಾಲಿಗೆ ಬರುತ್ತದೆ. ಕೇಂದ್ರದ ಸ್ಟೆಪ್ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಎಷ್ಟೋ ಮಹಿಳಾ ಹಾಲು ಸಂಘಗಳು ಶುರುವಾದಾಗ, ಹೆಂಗಸರು ಲೆಕ್ಕ ಬರೆಯುತ್ತಾರಾ ಎಂದು ನಕ್ಕವರಿದ್ದರು. ಇಂದು ಅದೇ ಸಂಘಗಳು ನಡೆಯುತ್ತಿವೆ. ಕೊಟ್ಟಿಗೆಯ ಲೆಕ್ಕವೂ ಕಷ್ಟವಲ್ಲ.

ಸಂಘದ ಆಡಳಿತ ಮಂಡಳಿಗೂ ಒಂದು ಮಾತು. ಸರ್ವ ಸದಸ್ಯರ ಸಭೆಯಲ್ಲಿ ಬೋನಸ್ ಚರ್ಚೆ ಆಗುತ್ತದೆ, ಆಗಲಿ. ಅದರ ಜೊತೆ, ಮಳೆಗಾಲಕ್ಕೆ ಮೊದಲು ಕೊಟ್ಟಿಗೆ ಸುತ್ತು ಎಂಬ ವಿಷಯವನ್ನೂ ಇಡಿ. ಸುಣ್ಣವನ್ನು ಒಟ್ಟಿಗೆ ತರಿಸಿ ಹಂಚಿ. ರಿಪೇರಿಗೆ ಸಣ್ಣ ಮುಂಗಡ ಕೊಟ್ಟು ಬಟವಾಡೆಯಲ್ಲಿ ಹಿಡಿದುಕೊಳ್ಳುವುದು ಸಾಧ್ಯವೇ ಎಂದು ಯೋಚಿಸಿ. ಹಸು ಸತ್ತ ಮೇಲೆ ಸಾಂತ್ವನ ಹೇಳುವುದಕ್ಕಿಂತ ಇದು ಅಗ್ಗ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಇನ್ನು ಮನೆಯ ಮಾತು. ಹಾಲಿನ ಪಾಸ್‌ಬುಕ್ಕಿನಲ್ಲಿ ಹೆಸರು ನಿಮ್ಮದು, ಗೋಡೆಯ ಬಿರುಕು ಮೊದಲು ಕಾಣುವುದು ನಿಮಗೆ. ಆದರೂ ಕೊಟ್ಟಿಗೆಯ ವಿಷಯ ಗಂಡಸರ ಮಾತಿನಲ್ಲಿ ನಿಲ್ಲುತ್ತದೆ. ಜಗಳ ಆಡಿ ಎಂದು ನಾನು ಹೇಳುವುದಿಲ್ಲ. ಲೆಕ್ಕ ಇಡಿ. ಕಳೆದ ವರ್ಷ ಕೆಚ್ಚಲು ಬಾವಿಗೆ ಎಷ್ಟು, ಉಣ್ಣೆ ಔಷಧಿಗೆ ಎಷ್ಟು, ಡೇರಿಗೆ ಹಾಕಲಾಗದೆ ಚೆಲ್ಲಿದ ಹಾಲು ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಬಿರುಕಿನ ಪಕ್ಕ ಬರೆದ ದಿನಾಂಕ ತೋರಿಸಿ. ಅಳುವಿಗೆ ಕಿವಿಗೊಡದವರು ಲೆಕ್ಕಕ್ಕೆ ಕಿವಿಗೊಡುತ್ತಾರೆ, ಇದು ನಾನು ಮನೆ ಮನೆಯಲ್ಲಿ ಕಂಡದ್ದು.

ನನ್ನ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇನೆ. ಇನ್ನು ಮುಂದೆ ಲಸಿಕೆಗೆ, ಗರ್ಭಧಾರಣೆಗೆ, ಯಾವುದಕ್ಕೇ ಬಂದರೂ ನಿಮ್ಮ ಕೊಟ್ಟಿಗೆಯ ಹಿಂಬದಿಗೆ ಒಂದು ಸುತ್ತು ಹೋಗಿಯೇ ಬರುತ್ತೇನೆ. ಕಂಡದ್ದನ್ನು ಮನೆಯವರೆಲ್ಲರ ಎದುರಿಗೇ ಹೇಳುತ್ತೇನೆ. ನಾನು ಅವಸರದಲ್ಲಿ ಮರೆತರೆ "ಡಾಕ್ಟ್ರಮ್ಮ, ಹಿಂದುಗಡೆ ಗೋಡೆ ನೋಡಿ ಹೋಗಿ" ಎಂದು ನೀವೇ ಕರೆಯಿರಿ. ಆ ತಾಯಿ ಅಂದು ಹಾಗೆ ಕರೆಯಲಿಲ್ಲ, ನಾನೂ ನಿಲ್ಲಲಿಲ್ಲ.

ಈಗ ಆ ಮನೆಯಲ್ಲಿ ಒಂದು ಪಡ್ಡೆ ಇದೆ. ಬಿದ್ದ ಗೋಡೆಯ ಜಾಗದಲ್ಲಿ ಎದೆಮಟ್ಟ ಕಲ್ಲಿನ ಗೋಡೆ ಎದ್ದಿದೆ, ಮೇಲೆ ಗಾಳಿಗೆ ತೆರೆದಿದೆ, ತಿಪ್ಪೆ ದೂರ ಹೋಗಿದೆ. ಈ ಸಲ ಯಾವ ಕಡೆ ಎಷ್ಟು ಎತ್ತರ ಎಂದು ಗಾರೆಯವರಿಗೆ ನಿಂತು ಹೇಳಿದ್ದು ಅವರೇ. ಯುಗಾದಿ ಹತ್ತಿರ ಬರುತ್ತಿದೆ. ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ, ಒಂದು ಇದ್ದಿಲ ಚೂರು ಕೈಯಲ್ಲಿ ಹಿಡಿದು ನಿಮ್ಮ ಕೊಟ್ಟಿಗೆಯನ್ನೂ ಒಂದು ಸುತ್ತು ಹಾಕಿ.